ಹದ್ದಿನ ಕಣ್ಣು ನಿಂತ ಜಾಗ

ಕೂಸು ಎರಡು ದಿನದಿಂದ ಅಳುತ್ತಿತ್ತು.

ಹಾಲು ಚೆನ್ನಾಗಿಯೇ ಕುಡಿಯುತ್ತಿತ್ತು. ಮೈ ಬೆಚ್ಚಗಿರಲಿಲ್ಲ. ಹೆಗಲ ಮೇಲೆ ಹಾಕಿಕೊಂಡರೆ ಸುಮ್ಮನಿರುತ್ತಿತ್ತು. ತೊಟ್ಟಿಲಲ್ಲಿ ಅಂಗಾತ ಮಲಗಿಸಿದರೆ ಸಾಕು, ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡ ಹಾಗೆ ಕೂಗುತ್ತಿತ್ತು. ನಾಲ್ಕು ತಿಂಗಳ ಕೂಸಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ ಎಂದು ಎದುರು ಮನೆಯವರು ಬಾಗಿಲಿಗೆ ಬಂದು ನೋಡಿ ಹೋಗಿದ್ದರು.

"ಹೊಟ್ಟೆ ನೋವು ಕಣೇ. ಕಾಲು ಹೇಗೆ ಮಡಚ್ಕೊಳ್ಳುತ್ತೆ ನೋಡು," ಎಂದಳು ಅಜ್ಜಿ.

"ಹೊಟ್ಟೇನೂ ಇಲ್ಲ, ನೋವೂ ಇಲ್ಲ. ನೀವೆಲ್ಲ ಎತ್ತಿ ಎತ್ತಿ ರೂಢಿ ಮಾಡಿಸಿದೀರಿ. ಸಾಹೇಬರಿಗೆ ಈಗ ತೊಟ್ಟಿಲು ಒಗ್ಗಲ್ಲ," ಎಂದ ಕೂಸಿನ ಅಪ್ಪ.

ಕೂಸಿನ ತಾಯಿ ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಎರಡು ದಿನದಿಂದ ಹೆಗಲು ಬದಲಾಯಿಸಿ ಬದಲಾಯಿಸಿ ಅವಳ ಎರಡೂ ಹೆಗಲು ಬಿದ್ದುಹೋಗಿದ್ದವು. ಅವಳ ತಂಗಿ, ಅಂದರೆ ಕೂಸಿನ ಚಿಕ್ಕಮ್ಮ, ಕೆಲಸಕ್ಕೆ ಹೊರಟವಳು ಬಾಗಿಲ ಬಳಿ ನಿಂತಿದ್ದಳು. ಈ ಕಥೆ ಆ ಚಿಕ್ಕಮ್ಮನದು.

ಅವಳನ್ನು ಎಲ್ಲರೂ ಹದ್ದು ಎಂದು ಕರೆಯುತ್ತಿದ್ದರು. ಎರಡು ಬೀದಿ ಆಚೆ, ಹೆಂಗಸರು ಸೇರಿ ನಡೆಸುವ ಒಂದು ಹೊಲಿಗೆ ಕೋಣೆ ಇತ್ತು. ಅಲ್ಲಿ ಎಳೆ ಮಕ್ಕಳ ಅಂಗಿ ಹೊಲಿದು ಅಂಗಡಿಗಳಿಗೆ ಕಳಿಸುತ್ತಿದ್ದರು. ಹೊಲಿದ ಅಂಗಿಯನ್ನೆಲ್ಲ ಕೊನೆಯಲ್ಲಿ ನೋಡಿ ಸರಿಯಿದೆ ಎಂದು ಒಪ್ಪುವ ಕೆಲಸ ಇವಳದು. ಸಾಸಿವೆಯಷ್ಟು ಕಲೆ ಇದ್ದರೂ ಬಿಡುತ್ತಿರಲಿಲ್ಲ. ಅಂಚು ಒಂದು ಹೊಲಿಗೆ ಸೊಟ್ಟಗಿದ್ದರೂ ಹಿಡಿಯುತ್ತಿದ್ದಳು. ಮೊದಮೊದಲು "ಹದ್ದಿನ ಕಣ್ಣಮ್ಮಾ ನಿಂದು" ಎನ್ನುತ್ತಿದ್ದವರು ಆಮೇಲೆ ಬರೀ ಹದ್ದು ಎಂದರು. ಈಗ ನಿಜವಾದ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಹೆಚ್ಚು ಮಾತಿನವಳಲ್ಲ. ಆದರೆ ಆ ಹೆಸರು ಕೇಳಿದಾಗ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು.

ಅಷ್ಟರಲ್ಲಿ ತೂಕದಕ್ಕ ಬಂದಳು. ತಿಂಗಳಿಗೊಮ್ಮೆ ಮನೆ ಮನೆಗೆ ಬಂದು ಮಕ್ಕಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ ಅವಳು. ಬಗಲಲ್ಲಿ ತಕ್ಕಡಿ, ಕೈಯಲ್ಲಿ ರಿಜಿಸ್ಟರು.

"ಏನಪ್ಪಾ ಗುಂಡ, ನಿನ್ನ ಸಂಗೀತ ಬೀದಿ ಕೊನೆಗೇ ಕೇಳಿಸ್ತು," ಎನ್ನುತ್ತ ಅವಳು ಕೂಸಿನ ಅಂಗಿ ಬಿಚ್ಚಿ ತಕ್ಕಡಿಯ ಮೇಲೆ ಅಂಗಾತ ಮಲಗಿಸಿದಳು.

ಕೂಸು ಸುಮ್ಮನಾಯಿತು. ತಣ್ಣನೆಯ ತಗಡಿನ ಮೇಲೆ ಬರೀ ಮೈಯಲ್ಲಿ ಮಲಗಿ, ಕಾಲು ಆಡಿಸುತ್ತ ಫ್ಯಾನು ನೋಡಿತು.

"ಆರು ಕೆಜಿ ನೂರು. ಚೆನ್ನಾಗಿ ಬಂದಿದಾನೆ," ಎಂದು ತೂಕದಕ್ಕ ಬರೆದುಕೊಂಡಳು. ಅಂಗಿ ಹಾಕಿ ಮಲಗಿಸಿದಳು. ಕೂಸು ಕೂಗಿತು. ಬಿಚ್ಚಿದಳು. ಸುಮ್ಮನಾಯಿತು.

ಅವಳು ಪೆನ್ನು ಕೆಳಗಿಟ್ಟಳು. "ಇವನು ರಾತ್ರಿ ಮಲಗ್ತಾನಾ?"

"ರಾತ್ರಿ ಏನೂ ತೊಂದರೆ ಇಲ್ಲ ಅಕ್ಕಾ. ಹಗಲೇ ಕಾಟ."

"ರಾತ್ರಿನೂ ಇದೇ ಅಂಗಿನಾ?"

"ಇಲ್ಲ, ರಾತ್ರಿ ಹಳೇದು. ಇದನ್ನ ತೊಳೆದು ಒಣಗಿಸಿ ಬೆಳಿಗ್ಗೆ ಮತ್ತೆ ಹಾಕ್ತೀನಿ. ಈ ಹಳದಿ ಇವನಿಗೆ ಒಪ್ಪುತ್ತೆ ಅಂತ."

"ಇದು ಯಾವಾಗ ಬಂತು?"

"ಮೊನ್ನೆ. ನಮ್ಮ ಹದ್ದು ತಂದಳು."

"ಅಳೋಕೆ ಶುರು ಮಾಡಿದ್ದು?"

"ಮೊನ್ನೆ..." ಎಂದ ಕೂಸಿನ ತಾಯಿ ಅಲ್ಲಿಗೇ ನಿಂತಳು. ತಾನು ಹೇಳಿದ್ದು ತನ್ನ ಕಿವಿಗೇ ಆಗ ಬಿದ್ದಿತ್ತು.

ತೂಕದಕ್ಕ ಕೂಸನ್ನು ಮಗುಚಿ ಕತ್ತಿನ ಹಿಂದೆ ನೋಡಿದಳು. ನಾಲ್ಕೈದು ಕೆಂಪು ಚುಕ್ಕೆಗಳಿದ್ದವು. ಮನೆಯವರೆಲ್ಲ ಅದನ್ನು ನೋಡಿದ್ದರು, ಬೆವರುಸಾಲೆ ಎಂದುಕೊಂಡಿದ್ದರು. ಅವಳು ಅಂಗಿಯನ್ನು ತಿರುವಿ, ಕತ್ತಿನ ಲೇಬಲ್ಲಿನ ಸುತ್ತ ಹೆಬ್ಬೆರಳಿಂದ ಒತ್ತುತ್ತ ಬಂದಳು. ಒಂದು ಕಡೆ "ಸ್" ಎಂದು ಬೆರಳು ಹಿಂದೆಗೆದಳು. ಬೆರಳ ತುದಿಯಲ್ಲಿ ರಕ್ತದ ಹನಿ.

ಲೇಬಲ್ಲಿನ ಕೆಳಗೆ ಸಿಕ್ಕಿಕೊಂಡಿದ್ದುದು ಹೊಲಿಗೆ ಸೂಜಿಯ ತುದಿ. ಅಕ್ಕಿ ನುಚ್ಚಿನಷ್ಟು.

ಬಾಗಿಲ ಬಳಿಯಿದ್ದ ಹದ್ದು ಒಳಗೆ ಬಂದು ಅಂಗಿಯನ್ನು ಕೈಗೆ ತೆಗೆದುಕೊಂಡಳು. "ಇದು ನಾನು ನೋಡಿದ ಅಂಗಿ," ಎಂದಳು.

"ಹದ್ದು ನೋಡಿದ್ದಾ! ಹಾಗಾದ್ರೆ ಹದ್ದಿಗೊಂದು ಕನ್ನಡಕ ಮಾಡಿಸ್ಬೇಕಾಯ್ತು," ಎಂದ ಅವಳ ಭಾವ, ಕೂಸಿನ ಅಪ್ಪ. ತಮಾಷೆಗೆ ಹೇಳಿದ್ದೇ. ಆದರೆ ಯಾರೂ ನಗಲಿಲ್ಲ. ಅಕ್ಕ, ತಂಗಿಯ ಮುಖ ನೋಡದೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಹದ್ದುವಿಗೆ ಅನಿಸಿತು.

"ಕೂಸನ್ನ ಈಗಲೇ ಆಸ್ಪತ್ರೆಗೆ ತೋರಿಸ್ಕೊಂಡು ಬನ್ನಿ. ಚರ್ಮದೊಳಗೆ ಏನಾದ್ರೂ ಉಳಿದಿದೆಯಾ ಅಂತ ಡಾಕ್ಟರು ನೋಡ್ಲಿ," ಎಂದಳು ತೂಕದಕ್ಕ. ಭಾವ ಚಪ್ಪಲಿ ಹುಡುಕಿದ.

"ಸದ್ಯ, ಸಿಕ್ತಲ್ಲ," ಎಂದು ಅಜ್ಜಿ ಉಸಿರು ಬಿಟ್ಟಳು.

"ಒಂದು ಸಿಕ್ತು," ಎಂದಳು ತೂಕದಕ್ಕ. "ಸೂಜಿ ಅಂದ್ರೆ ಇಷ್ಟೇನಾ? ಉಳಿದದ್ದೆಲ್ಲಿ?"

ಹದ್ದುವಿಗೆ ಆಗ ಹೊಲಿಗೆ ಕೋಣೆಯ ಸೂಜಿ ಪುಸ್ತಕ ನೆನಪಾಯಿತು. ಅದರ ಜೊತೆಗೇ ಅಂಗಿಗಳನ್ನು ಒಯ್ಯಲು ಸಂಜೆ ಐದು ಗಂಟೆಗೆ ಬರುವ ವ್ಯಾನೂ ನೆನಪಾಯಿತು.

*

ಹೊಲಿಗೆ ಕೋಣೆಯಲ್ಲಿ ಆರು ಮಿಷಿನ್‌ಗಳು, ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು, ಕಿಟಕಿ ಪಕ್ಕ ಟ್ಯೂಬ್‌ಲೈಟಿನ ಕೆಳಗೆ ಹದ್ದುವಿನ ಮೇಜು. ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ತೂಗು ಹಾಕಿತ್ತು. ಅದು ಮುರಿದ ಸೂಜಿಗಳ ಪುಸ್ತಕ. ಯಾರ ಸೂಜಿ ಮುರಿದರೂ ಚೂರುಗಳನ್ನೆಲ್ಲ ಹುಡುಕಿ, ಒಂದರ ಮುಂದೊಂದು ಜೋಡಿಸಿ, ಪುಟದ ಮೇಲೆ ಟೇಪು ಹಾಕಿ ಅಂಟಿಸಬೇಕು. ಸೂಜಿ ಪೂರ್ತಿಯಾದರೆ ಮಾತ್ರ ಹೊಸ ಸೂಜಿ. ಮಕ್ಕಳ ಬಟ್ಟೆ ಹೊಲಿಯುವಲ್ಲಿ ಇದು ದೊಡ್ಡ ನಿಯಮ.

ಕೋಣೆಯ ಹಿರಿಯಳು ಕತ್ತರಿಯಮ್ಮ. ಬಟ್ಟೆ ಕತ್ತರಿಸುವುದೂ ಅವಳೇ, ಆರ್ಡರ್ ಹಿಡಿಯುವುದೂ ಅವಳೇ. ಹದ್ದು ಅವಳ ಮುಂದೆ ಸೂಜಿ ತುದಿಯನ್ನು ಇಟ್ಟಳು, ಆದದ್ದನ್ನು ಹೇಳಿದಳು.

ಕತ್ತರಿಯಮ್ಮ ಪುಸ್ತಕ ಬಿಚ್ಚಿದಳು. ಮೊನ್ನೆಯ ಪುಟದಲ್ಲಿ ಎರಡೇ ತುಂಡು. ಪಕ್ಕದಲ್ಲಿ "ತುದಿ ಸಿಗಲಿಲ್ಲ" ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಅವಳು ಆ ದಿನ ಊರಲ್ಲಿರಲಿಲ್ಲ. ಒಂದು ಹೊಸ ಸೂಜಿಯನ್ನು ಅದರ ಕೆಳಗಿಟ್ಟು, ಈಗ ಸಿಕ್ಕ ತುದಿಯನ್ನು ಅದರ ಜಾಗಕ್ಕೆ ಸೇರಿಸಿದಳು. ನಡುವೆ ಇನ್ನೂ ಖಾಲಿ ಇತ್ತು. ಇನ್ನೊಂದು ನುಚ್ಚಿನಷ್ಟು.

"ಇನ್ನೊಂದು ಚೂರು ಹೊರಗಿದೆ," ಎಂದಳು ಕತ್ತರಿಯಮ್ಮ. "ಯಾರ ಮಿಷಿನ್ನು?"

ಮೂರನೇ ಮಿಷಿನ್ನಿನ ಹೆಂಗಸು ಕೈ ಎತ್ತಿದಳು. ಲೇಬಲ್ ಹೊಲಿಯುವುದು ಅವಳ ಕೆಲಸ. ಎಲ್ಲರಿಗಿಂತ ದೊಡ್ಡವಳು, ಬಾಯಿ ಬಂದ್ ಆಗಿದ್ದನ್ನು ಕಂಡವರಿಲ್ಲ. ಅವಳನ್ನು ರೇಡಿಯೊ ಅತ್ತೆ ಎನ್ನುತ್ತಿದ್ದರು. "ನಂದೇ. ಹುಡುಕಿದ್ವಲ್ಲ? ಹದ್ದೂ ಬಂದು ಹುಡುಕಿದ್ಲು. ನೆಲದ ಸಂದಿಗೆ ಹೋಗಿರ್ಬೇಕು ಅಂದ್ಕೊಂಡ್ವಿ. ಆರ್ಡರ್ ತಲೆ ಮೇಲಿತ್ತು, ಹೊಸ ಸೂಜಿ ಹಾಕ್ಕೊಂಡು..."

"ಸಾಕು. ಎಷ್ಟಿದೆ ಪ್ಯಾಕ್ ಆಗಿರೋದು?"

"ಹದಿನೆಂಟು ಡಜನ್."

"ಚೂರು ಸಿಗೋವರೆಗೆ ಒಂದು ಅಂಗಿನೂ ವ್ಯಾನ್ ಹತ್ತಲ್ಲ. ಎಲ್ಲಾನೂ ಬಿಚ್ಚಿ."

ಒಬ್ಬಳು ನೆಲದ ಮೇಲಿನ ಗುಂಡುಸೂಜಿ ಎತ್ತುವ ಆಯಸ್ಕಾಂತ ತಂದಳು. ಅದು ಪ್ರತಿ ಅಂಗಿಗೂ ಅಂಟಿಕೊಂಡಿತು. ಎದೆಯ ಮೇಲೆ ಒತ್ತಿ ಹಾಕುವ ಉಕ್ಕಿನ ಗುಂಡಿಗಳಿದ್ದವಲ್ಲ, ಅದಕ್ಕೆ. ಕಣ್ಣಿಂದಲೇ ನೋಡಬೇಕು, ಬೇರೆ ದಾರಿ ಇರಲಿಲ್ಲ.

"ನಾನು ನೋಡಲ್ಲ ಅಮ್ಮಾ," ಎಂದಳು ಹದ್ದು. "ನನ್ನ ಕಣ್ಣು ಹೋಗಿದೆ. ಬೇರೆ ಯಾರಾದ್ರೂ ನೋಡ್ಲಿ."

ತೂಕದಕ್ಕ ಅವಳ ಜೊತೆಗೇ ಬಂದಿದ್ದಳು. ಆ ಬೀದಿಯಲ್ಲಿ ಅವಳಿಗೆ ಇನ್ನೂ ಮೂರು ಮಕ್ಕಳ ತೂಕ ನೋಡುವುದಿತ್ತು. ಗೋಡೆಯ ಕ್ಯಾಲೆಂಡರ್ ತೋರಿಸಿ, "ಬಾಗಿಲ ಹತ್ರ ನಿಂತು ಅದರ ಅಡೀಲಿ ಬರೆದಿರೋದನ್ನ ಓದು," ಎಂದಳು. ಹದ್ದು ಒಂದೇ ಉಸಿರಿಗೆ ಓದಿದಳು. ಅಚ್ಚು ಹಾಕಿದವರ ಫೋನ್ ನಂಬರನ್ನೂ ಓದಿದಳು.

"ನಮಗೆ ಅಲ್ಲಿ ಅಕ್ಷರ ಇದೆ ಅಂತಲೇ ಗೊತ್ತಿರ್ಲಿಲ್ಲ," ಎಂದಳು ರೇಡಿಯೊ ಅತ್ತೆ.

"ಕಣ್ಣಿಗೇನೂ ಆಗಿಲ್ಲ," ಎಂದಳು ತೂಕದಕ್ಕ. "ಗಮನ ಬೇರೆ ಕಡೆ ಇತ್ತು, ಅಷ್ಟೇ."

ಹದ್ದುವಿಗೆ ಇದು ಸಮಾಧಾನ ತರಲಿಲ್ಲ, ರೇಗಿತು. ಅಪರೂಪಕ್ಕೆ ದನಿ ಎತ್ತಿದಳು. "ಎಲ್ಲಿ ಬೇರೆ ಕಡೆ ಅಕ್ಕಾ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತೀನಿ ನಾನು. ಕಣ್ಣೂ ಸರಿಯಿದೆ, ವಸ್ತುನೂ ಎದುರಿಗಿದೆ, ಆದ್ರೂ ಕಾಣಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಒಂದೋ ನನ್ನ ಕಣ್ಣು ಹಾಳು, ಇಲ್ಲ ನಾನು ಕಳ್ಳಾಟ ಆಡಿದೀನಿ. ಮೂರನೇದು ಇಲ್ಲ."

"ಮೂರನೇದು ಇದೆ. ಗುಂಡಿ ಡಬ್ಬ ಕೊಡಿ," ಎಂದಳು ತೂಕದಕ್ಕ.

ಎಲ್ಲರನ್ನೂ ಸುತ್ತ ಕೂರಿಸಿದಳು. ಡಬ್ಬದಲ್ಲಿ ಕೆಂಪು, ಬಿಳಿ ಗುಂಡಿಗಳಿದ್ದವು. "ಒಂದೊಂದಾಗಿ ಈ ತಟ್ಟೆಗೆ ಹಾಕ್ತೀನಿ. ಕೆಂಪು ಎಷ್ಟು ಬಿತ್ತು ಅಂತ ಮನಸ್ಸಲ್ಲೇ ಎಣಿಸಿ. ತುಟಿ ಅಲ್ಲಾಡಬಾರದು. ರೇಡಿಯೊ, ನಿನಗೇ ಹೇಳಿದ್ದು."

ಬಲಗೈಯಿಂದ ಟಕ ಟಕ ಎಂದು ಗುಂಡಿ ಬೀಳುತ್ತಾ ಹೋಯಿತು. ಏಳು ಜೊತೆ ಕಣ್ಣು ತಟ್ಟೆಯ ಮೇಲೆ. ಕೊನೆಯ ಗುಂಡಿ ಬಿದ್ದ ಮೇಲೆ, "ಎಷ್ಟು?" ಎಂದಳು.

"ಹದಿನಾಲ್ಕು," ಎಂದಳು ಹದ್ದು ಎಲ್ಲರಿಗಿಂತ ಮೊದಲು. ಉಳಿದವರೂ ಹದಿನಾಲ್ಕು ಎಂದರು. ರೇಡಿಯೊ ಅತ್ತೆ ಮಾತ್ರ ಹನ್ನೊಂದು ಎಂದಳು.

"ಹದಿನಾಲ್ಕು ಸರಿ. ಬಿಳಿ ಎಷ್ಟು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಹೋಗ್ಲಿ, ನನ್ನ ಮುಖ ನೋಡಿ."

ನೋಡಿದರು. ತೂಕದಕ್ಕನ ತಲೆಯ ಮೇಲೆ ಗುಂಡುಸೂಜಿ ಚುಚ್ಚಿಡುವ ಹಸಿರು ದಿಂಬು ಕೂತಿತ್ತು. ಪುಟ್ಟ ಟೊಪ್ಪಿಗೆಯ ಹಾಗೆ.

"ಅಯ್ಯೋ, ಇದ್ಯಾವಾಗ!"

"ಏಳನೇ ಕೆಂಪು ಗುಂಡಿ ಹಾಕುವಾಗ. ಎಡಗೈಲಿ, ನಿಧಾನವಾಗಿ, ನಿಮ್ಮೆಲ್ಲರ ಎದುರಿಗೇ ಇಟ್ಕೊಂಡೆ."

"ನಾನು ನೋಡ್ದೆ," ಎಂದಳು ರೇಡಿಯೊ ಅತ್ತೆ. "ಇವಳಿಗೇನು ಬಂತು ಅಂತ ಅದನ್ನೇ ನೋಡ್ತಾ ಕೂತೆ. ಅಲ್ಲೇ ಎಣಿಕೆ ತಪ್ಪಿದ್ದು."

ಕೋಣೆಯೆಲ್ಲ ನಕ್ಕಿತು. ಹದ್ದು ನಗಲಿಲ್ಲ. ಅವಳು ತೂಕದಕ್ಕನ ಎದುರಿಗೇ, ಎರಡು ಅಡಿ ದೂರದಲ್ಲಿ ಕೂತಿದ್ದಳು. ಹದಿನಾಲ್ಕು ಸರಿಯಾಗಿ ಎಣಿಸಿದ್ದಳು. ದಿಂಬು ಕಂಡಿರಲಿಲ್ಲ.

"ತರಬೇತಿಲಿ ನಮಗೂ ಇಂಥದೇ ಒಂದು ಆಟ ಆಡಿಸಿದ್ರು," ಎಂದಳು ತೂಕದಕ್ಕ ದಿಂಬು ತೆಗೆದಿಡುತ್ತ. "ನಾನೂ ಲೆಕ್ಕ ಸರಿ ಹೇಳಿ ಪೆದ್ದಿಯಾಗಿದ್ದೆ. ನೋಡಮ್ಮಾ, ಕಣ್ಣು ಬರೀ ಬಾಗಿಲು. ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿರ್ತಾನೆ, ಅವನೇ ಗಮನ. ಯಾರನ್ನ ಒಳಗೆ ಬಿಡ್ಬೇಕು ಅಂತ ನೀನು ಹೇಳಿರ್ತೀಯೋ ಅವರನ್ನ ಬಿಡ್ತಾನೆ. ಕೆಂಪು ಬಿಡು ಅಂದೆ, ಕೆಂಪು ಬಿಟ್ಟ. ಬಿಳಿ, ದಿಂಬು ಎಲ್ಲಾ ಹೊರಗೇ ನಿಂತ್ವು."

"ಹಾಗಾದ್ರೆ ಕೆಟ್ಟ ಕಾವಲುಗಾರ," ಎಂದಳು ಹದ್ದು.

"ಕೆಟ್ಟವನಲ್ಲ. ಅವನಿಲ್ದೆ ಬದುಕೋಕಾಗಲ್ಲ. ಈ ಕೋಣೆಲಿರೋ ಪ್ರತಿ ದಾರ, ಪ್ರತಿ ನೆರಳು, ಪ್ರತಿ ಬಾಯಿ ಒಟ್ಟಿಗೇ ಒಳಗೆ ನುಗ್ಗಿದ್ರೆ ನೀನು ಎರಡು ಗುಂಡಿನೂ ಎಣಿಸೋಕಾಗಲ್ಲ. ಬೇಡದ್ದನ್ನ ತಡೆಯೋದೇ ಅವನ ಕೆಲಸ. ಆದ್ರೆ ಅವನು ಹೇಳಿದಷ್ಟೇ ಮಾಡೋನು. ನೀನು ಏನು ಹೇಳಿದ್ದೆ ಅನ್ನೋದು ಮುಖ್ಯ. ಮೊನ್ನೆ ಏನು ಹುಡುಕ್ತಿದ್ದೆ?"

ಹದ್ದು ಯೋಚಿಸಿದಳು. "ಕಲೆ. ಹೋದ ಸಲ ಕಲೆ ಇದೆ ಅಂತ ಎರಡು ಡಜನ್ ವಾಪಸ್ ಬಂದಿತ್ತು. ಅದೇ ತಲೇಲಿತ್ತು. ಆಮೇಲೆ ಅಂಚು, ದಾರ. ಸೂಜಿ ಚೂರು ಅಂದಾಗ... ಹೊಳೆಯೋದೇನಾದ್ರೂ ಇದೆಯಾ ಅಂತ ನೋಡ್ದೆ."

"ಹೊಳೀತಿದೆಯಾ ಇದು?"

ಪುಸ್ತಕದ ಮೇಲಿದ್ದ ತುದಿ ಹೊಳೆಯುತ್ತಿರಲಿಲ್ಲ. ಮಿಷಿನ್ನಿನ ಎಣ್ಣೆ ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು.

"ಆಗ ಯಾರಾದ್ರೂ ಮಾತಾಡಿಸ್ತಿದ್ರಾ?"

ಎಲ್ಲರೂ ಮೂರನೇ ಮಿಷಿನ್ನಿನ ಕಡೆ ತಿರುಗಿದರು.

"ನಾನಾ? ನಾನೇನು ಮಾತಾಡ್ದೆ? ನಮ್ಮ ನಾದಿನಿ ಮನೆ ಛಾವಣಿ ಹಾರಿಹೋದ ವಿಷಯ ಒಂದು ಹೇಳ್ದೆ. ಅದೂ ಅರ್ಧ."

ಅರ್ಧವಲ್ಲ. ಆ ಛಾವಣಿಗೆ ಎಷ್ಟು ತಗಡಿನ ಹಾಳೆ ಬೇಕಾಯಿತು, ಯಾರು ಏಣಿ ಕೊಡಲಿಲ್ಲ ಎಂಬುದೆಲ್ಲ ಹದ್ದುವಿಗೆ ಈಗಲೂ ನೆನಪಿತ್ತು. ಅದೇ ಹೊತ್ತಿನಲ್ಲಿ ಕೈಯಲ್ಲಿ ಹಾದುಹೋದ ಲೇಬಲ್ಲುಗಳಲ್ಲಿ ಒಂದೂ ನೆನಪಿರಲಿಲ್ಲ. ನಂಬಿಕೆ ಬಂದಿತೋ ಇಲ್ಲವೋ, ಅವಳು ಸೂಜಿಯ ತುದಿಯನ್ನು ಕೈಗೆತ್ತಿಕೊಂಡಳು.

"ನೀನೇ ನೋಡು," ಎಂದಳು ತೂಕದಕ್ಕ ತಕ್ಕಡಿ ಬಗಲಿಗೇರಿಸುತ್ತ. "ಕಾವಲುಗಾರನಿಗೆ ಸರಿಯಾಗಿ ಹೇಳಿ ಕೂರಿಸು. ಇನ್ನೊಂದು ಮಾತು. ಒಂದು ಸಿಕ್ಕಿದ ತಕ್ಷಣ ಮನಸ್ಸು ಕೈ ತೊಳ್ಕೊಂಡು ಎದ್ದುಬಿಡುತ್ತೆ. ಬೆಳಿಗ್ಗೆ ನಿಮ್ಮಮ್ಮ 'ಸದ್ಯ, ಸಿಕ್ತು' ಅಂದ್ರಲ್ಲ, ಹಾಗೆ. ಅದೊಂದು ಹುಷಾರು."

*

ಹನ್ನೊಂದೂವರೆಗೆ ಹದ್ದು ಕೂತಳು. ಸಿಕ್ಕ ತುದಿಯನ್ನು ಹಳದಿ ಬಟ್ಟೆಯ ಚೂರಿನ ಮೇಲೆ ಅಂಟಿಸಿ ಕಣ್ಣೆದುರು ಇಟ್ಟುಕೊಂಡಳು. ಹುಡುಕಬೇಕಾದದ್ದು ಹೇಗಿರುತ್ತದೆ ಎಂದು ಕಣ್ಣಿಗೆ ತೋರಿಸಿಕೊಂಡ ಹಾಗೆ. ಬಾಯಿಬಿಟ್ಟು ಹೇಳಿಕೊಂಡಳು: "ಬೂದಿ ಬಣ್ಣ. ನುಚ್ಚಿನಷ್ಟು. ಹೊಳೆಯಲ್ಲ." ಮೇಜಿನ ಕಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದಳು. ಕೆಂಪು ಬಟ್ಟೆ ಇರುವವರೆಗೆ ಅವಳನ್ನು ಯಾರೂ ಮಾತಾಡಿಸಬಾರದು ಎಂದು ಕತ್ತರಿಯಮ್ಮ ಅಪ್ಪಣೆ ಮಾಡಿದಳು.

"ನೀರು ಬೇಕಾ ಅಂತನೂ ಕೇಳಬಾರದಾ?" ಎಂದಳು ರೇಡಿಯೊ ಅತ್ತೆ.

"ಕೇಳಬಾರದು."

ಕತ್ತು, ಹೆಗಲು, ತೋಳು, ಪಕ್ಕೆ, ಅಂಚು. ಪ್ರತಿ ಅಂಗಿಗೂ ಅದೇ ದಾರಿ. ಕಣ್ಣಿನ ಹಿಂದೆಯೇ ಬೆರಳು. ಒಂದು ಡಜನ್ ಆದ ಮೇಲೆ ತಲೆ ಎತ್ತಿ ಕಿಟಕಿಯಾಚೆಯ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಶುರು.

ಮೂರನೇ ಡಜನ್ನಿನಲ್ಲಿ ಒಂದು ಅಂಗಿಯ ತೋಳಿನಿಂದ ದಾರವೊಂದು ಇಣುಕುತ್ತಿತ್ತು. ಹದ್ದು ಕತ್ತರಿ ತೆಗೆದು ಚಕ್ಕನೆ ಕತ್ತರಿಸಿದಳು. ಕೈಗೆ ಒಳ್ಳೆಯ ಕೆಲಸ ಮಾಡಿದ ಸುಖ. ಅಂಗಿ ಮಡಚಲು ಹೋದವಳು ಥಟ್ಟನೆ ನಿಂತಳು. ಪಕ್ಕೆ ನೋಡಿದೆನೇ? ಅಂಚು ನೋಡಿದೆನೇ? ನೋಡಿರಲಿಲ್ಲ. ದಾರ ಸಿಕ್ಕಿತ್ತು, ಅಷ್ಟಕ್ಕೇ ಮುಗಿದಿತ್ತು. ಅವಳು ಎದ್ದು ಕತ್ತರಿಯನ್ನು ಕತ್ತರಿಯಮ್ಮನ ಮೇಜಿಗೆ ಕೊಟ್ಟು ಬಂದಳು. ಆ ಡಜನ್ನನ್ನು ಮೊದಲಿನಿಂದ ನೋಡಿದಳು.

ಮಧ್ಯಾಹ್ನ ಭಾವ ಬಾಗಿಲಿಗೆ ಬಂದು ಹೋದ. ಕೂಸಿನ ಮೈಯಲ್ಲಿ ಏನೂ ಉಳಿದಿಲ್ಲವೆಂದು ಡಾಕ್ಟರು ಹೇಳಿದ್ದರು. ಅಕ್ಕ ಏನಾದರೂ ಹೇಳಿ ಕಳಿಸಿದ್ದಾಳೆಯೇ ಎಂದು ಹದ್ದು ಕಾದಳು. ಏನೂ ಇರಲಿಲ್ಲ.

ನಾಲ್ಕೂಕಾಲಿಗೆ ಹದಿನೆಂಟನೇ ಡಜನ್ ಮುಗಿಯಿತು. ಇನ್ನೂರ ಹದಿನಾರು ಅಂಗಿ. ಚೂರು ಸಿಗಲಿಲ್ಲ.

ಕತ್ತರಿಯಮ್ಮ ಅರ್ಧದಷ್ಟನ್ನು ತಾನೂ ಮತ್ತೆ ನೋಡಿದಳು. ಇಲ್ಲ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ವ್ಯಾನು ಬಂದು ಬೀದಿಯಲ್ಲಿ ಹಾರ್ನ್ ಹೊಡೆಯಿತು.

"ನೆಲದ ಸಂದಿಗೇ ಹೋಗಿರ್ಬೇಕು ಅಮ್ಮಾ," ಎಂದಳು ಒಬ್ಬಳು. "ಇಷ್ಟು ನೋಡಿ ಆದ್ಮೇಲೆ ಕಳಿಸಬಹುದಲ್ಲ?" ಕತ್ತರಿಯಮ್ಮ ಹದ್ದುವಿನ ಕಡೆ ನೋಡಿದಳು. ಹದ್ದು ತಲೆ ತಗ್ಗಿಸಿ ಕೂತಿದ್ದಳು. ಇದರಲ್ಲಿ ಇಲ್ಲ ಎಂದು ಅವಳಿಗೆ ಖಂಡಿತ ಗೊತ್ತಿತ್ತು. ಹಾಗಿದ್ದರೆ ಎಲ್ಲಿ?

ಅಕ್ಕನಿಗೆ ಕೊಟ್ಟ ಅಂಗಿ ನೆನಪಾಯಿತು. ಅದನ್ನು ಪ್ಯಾಕಿಗೆ ಯಾಕೆ ಹಾಕಿರಲಿಲ್ಲ? ಅಂಚು ಸೊಟ್ಟಗಿತ್ತು. ಮೊನ್ನೆಯವರೆಗೆ ಅವಳು ಅಂಗಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದಳು. ಅಂಚಿನಲ್ಲೇ ತಪ್ಪು ಸಿಕ್ಕಿತು, ಸಿಕ್ಕಿದ್ದೇ ರಿಜೆಕ್ಟ್ ಬುಟ್ಟಿಗೆ ಎಸೆದಿದ್ದಳು. ಕತ್ತಿನವರೆಗೆ ಕಣ್ಣು ಹೋಗಲೇ ಇಲ್ಲ. ಪೂರ್ತಿ ನೋಡದೆ ಬಿಟ್ಟದ್ದು ಒಪ್ಪಿದ ಅಂಗಿಗಳನ್ನಲ್ಲ. ಬೇಡವೆಂದು ಬಿಟ್ಟವನ್ನು.

ಬುಟ್ಟಿ ನೋಡಿದಳು. ಖಾಲಿ. ರಿಜೆಕ್ಟ್ ಆದವನ್ನು ಹೆಂಗಸರು ತಂತಮ್ಮ ಮನೆಗೆ ಒಯ್ಯುವುದು ವಾಡಿಕೆ.

"ಮೊನ್ನೆ ಇನ್ನೊಂದಿತ್ತಲ್ಲ, ಹೊಟ್ಟೆ ಮೇಲೆ ಎಣ್ಣೆ ಕಲೆ ಇದ್ದದ್ದು. ಯಾರು ತಗೊಂಡ್ರಿ?"

"ನಾನು," ಎಂದಳು ರೇಡಿಯೊ ಅತ್ತೆ. "ಡ್ರಾಯರಲ್ಲೇ ಇದೆ. ಮೊಮ್ಮಗಳು ಇವತ್ತು ಬರ್ತಾಳೆ, ತೊಳೆದು ಹಾಕೋಣ ಅಂತ... ಯಾಕೆ?"

ಹದ್ದು ಕೈ ಚಾಚಿದಳು. ಅಂಗಿ ಬಂತು. ಮೇಜಿನ ಮೇಲೆ ಹರಡಿದಳು. ಹೊಟ್ಟೆಯ ಮೇಲೆ ಹೆಬ್ಬೆಟ್ಟಿನಷ್ಟು ಎಣ್ಣೆ ಕಲೆ. ಸೂಜಿ ಬದಲಾಯಿಸಿದ ಕೈಯಲ್ಲೇ ಮುಂದಿನ ಅಂಗಿ ಹಿಡಿದ ಗುರುತು. ಕಣ್ಣು ನೇರ ಅಲ್ಲಿಗೇ ಹೋಯಿತು. ಅಲ್ಲಿಂದ ಏಳಲೊಲ್ಲದು. ಹದ್ದು ಎಡ ಅಂಗೈಯನ್ನು ಕಲೆಯ ಮೇಲೆ ಮುಚ್ಚಿಟ್ಟಳು. ಆಮೇಲೆ ಕತ್ತಿನಿಂದ ಶುರು ಮಾಡಿದಳು.

ಲೇಬಲ್ಲಿನ ಕೆಳ ಹೊಲಿಗೆಯಲ್ಲಿ, ದಾರದ ನೆರಳಿನ ಹಾಗೆ, ಬೂದಿ ಬಣ್ಣದ ಒಂದು ಸಣ್ಣ ಗೀಟು. ಕಲೆಗಿಂತ ನಾಲ್ಕು ಬೆರಳು ಮೇಲೆ.

ಚಿಮಟದಲ್ಲಿ ಹಿಡಿದು ಎಳೆದಳು. ಬಟ್ಟೆಯ ಚೂರಿನಿಂದ ತುದಿಯನ್ನೂ ಬಿಡಿಸಿ, ಎರಡನ್ನೂ ಪುಸ್ತಕದ ಪುಟದ ಮೇಲೆ ಖಾಲಿ ಜಾಗದಲ್ಲಿ ಇಟ್ಟಳು. ಕೂಡಿತು. ಕೆಳಗಿನ ಹೊಸ ಸೂಜಿಯಷ್ಟೇ ಉದ್ದ ಮೇಲಿನ ಸೂಜಿಯೂ ಆಯಿತು. ಕತ್ತರಿಯಮ್ಮ ಟೇಪು ಹಾಕಿ, "ತುದಿ ಸಿಗಲಿಲ್ಲ" ಎಂಬುದನ್ನು ಅಳಿಸಿದಳು.

ರೇಡಿಯೊ ಅತ್ತೆ ತನ್ನ ಮಿಷಿನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕತ್ತಿನ ಜಾಗವನ್ನು ಬೆರಳಿಂದ ಸವರುತ್ತಿದ್ದಳು. ವ್ಯಾನಿನವನು ಒಳಗೆ ಬಂದು ಡಜನ್‌ಗಳನ್ನು ಎತ್ತಿಕೊಂಡು ಹೋಗುವವರೆಗೂ ಅವಳ ಬಾಯಿ ಬಂದ್ ಆಗಿತ್ತು. ಆಮೇಲೆ ಎದ್ದು ಬಂದು, ಮೇಜಿನ ಕಾಲಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಸಡಿಲ ಗಂಟನ್ನು ಬಿಗಿಯಾಗಿ ಕಟ್ಟಿದಳು.

"ಇದು ಇಲ್ಲೇ ಇರ್ಲಿ," ಎಂದಳು.

ಹದ್ದು ಮನೆಗೆ ಬಂದಾಗ ಕೂಸು ತೊಟ್ಟಿಲಲ್ಲಿ ಅಂಗಾತ ಮಲಗಿ ಫ್ಯಾನು ನೋಡುತ್ತಿತ್ತು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಇನ್ನೊಂದು ಚೂರೂ ಸಿಕ್ಕಿತೆಂದು ಹದ್ದು ಹೇಳಿದಳು. ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳಿದಳು. ಅಕ್ಕ ಕೂಸಿನ ಬಟ್ಟೆಯ ಗಂಟನ್ನೇ ಎತ್ತಿ ತಂಗಿಯ ಮುಂದೆ ಇಟ್ಟಳು.

"ಹಾಕೋಕೆ ಮುಂಚೆ ನೀನೊಂದ್ಸಲ ನೋಡ್ಕೊಡು," ಎಂದಳು.

ಹದ್ದು ದೀಪದ ಕೆಳಗೆ ಕೂತಳು. "ನೋಡ್ತೀನಿ. ಆದ್ರೆ ಮುಗಿಯೋವರೆಗೆ ಯಾರೂ ನನ್ನ ಮಾತಾಡಿಸಬೇಡಿ."

ಭಾವ ಕನ್ನಡಕದ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಅವನ ಕಡೆ ನೋಡಿದಳು. ಮುಚ್ಚಿದ.

ಆ ಹೊಲಿಗೆ ಕೋಣೆಯಲ್ಲಿ ಕೆಂಪು ಬಟ್ಟೆ ಇಂದಿಗೂ ಇದೆ. ರಿಜೆಕ್ಟ್ ಆದ ಅಂಗಿಯನ್ನೂ ಕೊನೆಯವರೆಗೆ ನೋಡಿಯೇ ಬುಟ್ಟಿಗೆ ಹಾಕುತ್ತಾರೆ. ಹುಡುಕುವ ಕಣ್ಣು ಮೈಮರೆಯದಿರಲಿ ಎಂದು ದಿನಕ್ಕೊಮ್ಮೆ ಕತ್ತರಿಯಮ್ಮ ಯಾವುದಾದರೂ ಒಂದು ಅಂಗಿಯಲ್ಲಿ ಬೂದಿ ದಾರದ ಪುಟ್ಟ ಗಂಟೊಂದನ್ನು ಅಡಗಿಸಿಡುತ್ತಾಳೆ. ಅದು ಸಿಗುವವರೆಗೆ ಹದ್ದು ಏಳುವಂತಿಲ್ಲ, ಸಿಕ್ಕ ಮೇಲೂ ಉಳಿದವನ್ನು ನೋಡದೆ ಏಳುವಂತಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಅಂಗಿ ನೋಡುವ ಕೆಲಸದವರಲ್ಲದಿರಬಹುದು. ಆದರೆ ಮಗುವಿಗೆ ಔಷಧಿ ಕೊಡುವ ಮುಂಚೆ ಸೀಸೆಯ ಮೇಲಿನ ಹೆಸರು ನೋಡುತ್ತೀರಿ. ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡುತ್ತೀರಿ. ಆಗ ಲಾರಿ ಬರುತ್ತಿದೆಯೇ ಎಂದು ಮಾತ್ರ ನೋಡಿದರೆ ಸೈಕಲ್ಲು ಕಾಣದೆ ಹೋಗಬಹುದು, ನಿಮ್ಮ ಕಣ್ಣು ಎಷ್ಟೇ ಚೆನ್ನಾಗಿರಲಿ. ನೋಡುವ ಮುಂಚೆ ಏನನ್ನು ನೋಡಬೇಕು ಎಂದು ಮನಸ್ಸಿಗೆ ಒಮ್ಮೆ ಹೇಳಿ. ನೋಡುವಾಗ ಫೋನು, ಮಾತು ಎರಡನ್ನೂ ಪಕ್ಕಕ್ಕಿಡಿ. ಯಾರಾದರೂ ಹಾಗೆ ನೋಡುತ್ತಿದ್ದರೆ ಅವರನ್ನು ಒಂದು ನಿಮಿಷ ಅವರ ಪಾಡಿಗೆ ಬಿಡಿ. ಒಂದು ತಪ್ಪು ಸಿಕ್ಕಿತೆಂದು ಸಮಾಧಾನವಾದಾಗ ಇನ್ನೊಮ್ಮೆ ಬಗ್ಗಿ ನೋಡಿ. ಮತ್ತು ಇವತ್ತು ನಿಮ್ಮ ಮನೆಯ ಕೂಸಿಗೆ ಅಂಗಿ ಹಾಕುವ ಮುಂಚೆ, ಅದನ್ನು ತಿರುವಿ, ಕತ್ತಿನ ಸುತ್ತ ನಿಮ್ಮ ಬೆರಳನ್ನೊಮ್ಮೆ ಆಡಿಸಿ.